ಆಸ್ಪತ್ರೆ ಬಾಕಿ, ವಸೂಲಿ ಏಜೆನ್ಸಿ, ಸಿಬಿಲ್ ವರದಿ: ತಕರಾರು ಸಲ್ಲಿಸುವುದು ಹೇಗೆ?

ಆಸ್ಪತ್ರೆಯಿಂದ ಮನೆಗೆ ಬಂದು ವರ್ಷ ಕಳೆದ ಮೇಲೆ ‘ನಿಮ್ಮ ಹೆಸರಿನಲ್ಲಿ ಬಾಕಿ ಇದೆ, ಇಂದೇ ಕಟ್ಟಿ, ಇಲ್ಲದಿದ್ದರೆ ಸಿಬಿಲ್‌ಗೆ ಹಾಕುತ್ತೇವೆ’ ಎಂಬ ಫೋನ್ ಕರೆ ಬರುವುದು ಈಗ ಹಳ್ಳಿಗಳಲ್ಲೂ ಹೊಸದಲ್ಲ. ಕರೆಯೂ ಬಾರದೆ, ಬೆಳೆ ಸಾಲಕ್ಕೋ ಮಗಳ ವಿದ್ಯಾಭ್ಯಾಸದ ಸಾಲಕ್ಕೋ ಬ್ಯಾಂಕಿಗೆ ಹೋದಾಗಲೇ ಹಳೆಯ ಆಸ್ಪತ್ರೆ ಸಾಲವೊಂದು ವರದಿಯಲ್ಲಿ ಬಾಕಿಯೆಂದು ಕುಳಿತಿರುವುದು ಗೊತ್ತಾಗುವುದೂ ಉಂಟು. ಹೆದರಿ ಕಟ್ಟುವವರು ಕೆಲವರು, ಸುಮ್ಮನಿದ್ದುಬಿಡುವವರು ಕೆಲವರು. ಇವೆರಡೂ ಸರಿಯಾದ ದಾರಿಯಲ್ಲ. ವಸೂಲಿಗಾರನ ಕರೆ ಒಂದು ಹಕ್ಕುಕೇಳಿಕೆ ಮಾತ್ರ, ಅದು ತೀರ್ಪಲ್ಲ. ಅದನ್ನು ಕಾಗದದಲ್ಲಿ ಪ್ರಶ್ನಿಸುವ ಹಕ್ಕು ಸಾಲಗಾರನಿಗಿದೆ. ತಪ್ಪು ದಾಖಲೆಯನ್ನು ತಿದ್ದಿಸಲು ಕಾನೂನು ಗಡುವನ್ನೂ ಹಾಕಿದೆ.

ಗಡಿನಾಡಿಗೆ ಇದು ಏಕೆ ಮುಖ್ಯ?

ಗಡಿ ಭಾಗದ ಕನ್ನಡಿಗರಿಗೆ ದೊಡ್ಡ ಆಸ್ಪತ್ರೆ ಎಂದರೆ ಹಲವೊಮ್ಮೆ ಬೇರೆ ರಾಜ್ಯದ ಆಸ್ಪತ್ರೆ. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ, ಮೈಸೂರಿಗೆ, ರಾಯದುರ್ಗ, ಆದೋನಿಯವರು ಬಳ್ಳಾರಿಗೆ ಹೋಗುತ್ತಾರೆ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೊರೊನಾ ಲಾಕ್‌ಡೌನ್ ವೇಳೆ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಪ್ರಶ್ನೆ ಕೇರಳ ಹೈಕೋರ್ಟ್ ಹಾಗೂ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಈ ಅವಲಂಬನೆ ಎಷ್ಟೆಂಬುದಕ್ಕೆ ಅದೇ ಸಾಕ್ಷಿ.

ಆಸ್ಪತ್ರೆ ಒಂದು ರಾಜ್ಯದಲ್ಲಿ, ಸಾಲ ಕೊಟ್ಟ ಕಂಪನಿ ಇನ್ನೊಂದು ರಾಜ್ಯದಲ್ಲಿ, ರೋಗಿ ಮೂರನೆಯದರಲ್ಲಿ. ಬಿಲ್ಲು ಇಂಗ್ಲಿಷಿನಲ್ಲಿ, ಕರೆ ಹಿಂದಿಯಲ್ಲಿ, ನೋಟೀಸು ಇನ್ನೊಂದು ಭಾಷೆಯಲ್ಲಿ. ಹೀಗಿರುವಾಗ ‘ಅಲ್ಲಿಗೇ ಹೋಗಿ ಸರಿಪಡಿಸಿಕೊಳ್ಳಿ’ ಎಂದರೆ ಅನೇಕರು ಕೈಬಿಡುತ್ತಾರೆ. ಆದರೆ ಈ ಲೇಖನದಲ್ಲಿ ಹೇಳುವ ತಕರಾರುಗಳೆಲ್ಲವನ್ನೂ ಊರಿನಲ್ಲೇ ಅಥವಾ ಸ್ವಂತ ಜಿಲ್ಲೆಯಲ್ಲೇ ಇದ್ದು ಸಲ್ಲಿಸಬಹುದು.

ಬಿಲ್ಲು ಬೇರೆ, ಸಾಲ ಬೇರೆ

ಮೊದಲು ತಿಳಿಯಬೇಕಾದ್ದು ಈ ವ್ಯತ್ಯಾಸ. ದೇಶದಲ್ಲಿ ಸಾಲದ ಮಾಹಿತಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್. ಜನರು ನಾಲ್ಕನ್ನೂ ಒಟ್ಟಾಗಿ ‘ಸಿಬಿಲ್’ ಎನ್ನುತ್ತಾರೆ. ಇವು ನಡೆಯುವುದು 2005ರ ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆಯ ಅಡಿಯಲ್ಲಿ. ಸಾಲಗಾರರ ಮಾಹಿತಿಯನ್ನು ಇವುಗಳಿಗೆ ಕೊಡುವುದು ಬ್ಯಾಂಕು, ಹಣಕಾಸು ಕಂಪನಿ, ಕ್ರೆಡಿಟ್ ಕಾರ್ಡ್ ಕಂಪನಿ ಮುಂತಾದ ಸಾಲ ಸಂಸ್ಥೆಗಳು.

ಆಸ್ಪತ್ರೆ ಸಾಲ ಸಂಸ್ಥೆಯಲ್ಲ. ವಸೂಲಿ ಏಜೆನ್ಸಿಯೂ ಸಾಲ ಸಂಸ್ಥೆಯಲ್ಲ. ಆದ್ದರಿಂದ ಆಸ್ಪತ್ರೆಗೆ ನೇರವಾಗಿ ಉಳಿಸಿಕೊಂಡ ಬಾಕಿ ಸಿಬಿಲ್ ವರದಿಗೆ ಹೋಗುವುದಿಲ್ಲ. ಆಸ್ಪತ್ರೆಯ ಪರವಾಗಿ ಕರೆ ಮಾಡಿದವನು ‘ಸಿಬಿಲ್‌ಗೆ ಹಾಕುತ್ತೇವೆ’ ಎಂದರೆ, ಅದರ ಹಿಂದೆ ಸಾಲ ಕೊಟ್ಟ ಸಂಸ್ಥೆಯೊಂದು ಇಲ್ಲದಿದ್ದರೆ, ಆ ಬೆದರಿಕೆಗೆ ಬಲವಿಲ್ಲ.

ಆದರೆ ಬಿಲ್ಲು ಸಾಲವಾಗಿ ಬದಲಾದರೆ ಕಥೆ ಬೇರೆ. ಆಸ್ಪತ್ರೆಯ ಕೌಂಟರಿನಲ್ಲೇ ‘ಬಡ್ಡಿಯಿಲ್ಲದ ಕಂತು’ ಎಂದು ಆಧಾರ್, ಪ್ಯಾನ್ ಪಡೆದು, ಮೊಬೈಲಿಗೆ ಬಂದ ಒಟಿಪಿ ಕೇಳುವುದುಂಟು. ಆ ಒಟಿಪಿ ಕೊಟ್ಟರೆ ಹಣಕಾಸು ಕಂಪನಿಯ ಸಾಲದ ಕರಾರಿಗೆ ಒಪ್ಪಿಗೆ ಕೊಟ್ಟಂತಾಗಬಹುದು. ಹಣ ಆಸ್ಪತ್ರೆಗೆ ಹೋಗುತ್ತದೆ, ಕಂತು ರೋಗಿಯ ಕಡೆಯವರ ಹೆಸರಿಗೆ ಬೀಳುತ್ತದೆ. ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್, ಕಿರುಸಾಲ ಸಂಘದ ಸಾಲ, ಚಿನ್ನದ ಸಾಲ ಇವೂ ವರದಿಗೆ ಸೇರುತ್ತವೆ. ಬ್ಯಾಂಕಿನಿಂದ ಸಾಲವನ್ನೇ ಕೊಂಡುಕೊಂಡ ಆಸ್ತಿ ಪುನರ್‌ನಿರ್ಮಾಣ ಕಂಪನಿಯೂ ವರದಿಗೆ ಮಾಹಿತಿ ಕೊಡಬಲ್ಲದು.

ತಪ್ಪು ಬಾಕಿ ಹುಟ್ಟುವ ಬಗೆ

ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ ತಪ್ಪು ಆಗುತ್ತದೆ.

1. ವಿಮೆ ಹಣ ಬಂದರೂ ಸಾಲ ಮುಚ್ಚದಿರುವುದು. ಉದಾಹರಣೆಗೆ ಬಿಲ್ಲು 1,80,000 ರೂಪಾಯಿ ಎಂದಿಟ್ಟುಕೊಳ್ಳೋಣ. ವಿಮೆಯ ಒಪ್ಪಿಗೆ ತಡವಾದ್ದರಿಂದ ಮನೆಯವರು 60,000 ರೂಪಾಯಿಗೆ ಕಂತಿನ ಸಾಲ ಮಾಡಿ ಬಿಡುಗಡೆ ಪಡೆದರು. ಆಮೇಲೆ ವಿಮಾ ಕಂಪನಿ ಪೂರ್ತಿ ಹಣವನ್ನು ಆಸ್ಪತ್ರೆಗೆ ಕೊಟ್ಟಿತು. ಆಸ್ಪತ್ರೆ ಹೆಚ್ಚುವರಿ 60,000 ರೂಪಾಯಿಯನ್ನು ಸಾಲ ಕಂಪನಿಗೆ ಮರಳಿಸದಿದ್ದರೆ, ಸಾಲ ಹಾಗೆಯೇ ಉಳಿದು ಬಾಕಿಯಾಗಿ ಬೆಳೆಯುತ್ತದೆ.

2. ಚಿಕಿತ್ಸೆ ರದ್ದಾದರೂ ಸಾಲದ ಹಣ ಬಿಡುಗಡೆಯಾಗಿರುವುದು.

3. ಕಟ್ಟಿ ಮುಗಿಸಿದ ಸಾಲವನ್ನು ಸಂಸ್ಥೆ ‘ಮುಕ್ತಾಯ’ ಎಂದು ವರದಿ ಮಾಡದಿರುವುದು.

4. ಬೇರೆಯವರ ಸಾಲ ಸೇರಿಕೊಳ್ಳುವುದು. ಗಡಿನಾಡಿನಲ್ಲಿ ಇದಕ್ಕೆ ಹೆಚ್ಚಿನ ಎಚ್ಚರ ಬೇಕು. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ, ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಕೊನೆಗೆ, ಕೇರಳದಲ್ಲಿ ಮನೆತನದ ಹೆಸರೂ ಸೇರಬಹುದು. ಒಬ್ಬರದೇ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಆಸ್ಪತ್ರೆಯ ಕಾಗದದಲ್ಲಿ ಇನ್ನೊಂದು ರೀತಿ ಇದ್ದರೆ ಗೊಂದಲಕ್ಕೆ ದಾರಿಯಾಗುತ್ತದೆ.

ಮೊದಲ ಹೆಜ್ಜೆ: ಕಾಗದ ಕೇಳುವುದು

ಕರೆ ಬಂದಾಗ ‘ಕಟ್ಟುತ್ತೇನೆ’ ಎಂದಾಗಲಿ ‘ಕಟ್ಟುವುದಿಲ್ಲ’ ಎಂದಾಗಲಿ ಹೇಳಬೇಕಿಲ್ಲ. ಯಾವ ಸಂಸ್ಥೆಯ ಪರವಾಗಿ ಕರೆ, ಸಾಲದ ಖಾತೆ ಸಂಖ್ಯೆ ಎಷ್ಟು, ಯಾವ ದಿನದ ಸಾಲ, ಅಸಲು ಎಷ್ಟು, ಬಡ್ಡಿ ಮತ್ತು ದಂಡ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಬೇಕು. ಹೇಳಲು ನಿರಾಕರಿಸುವವನಿಗೆ ಹಣ ಕೊಡುವ ಪ್ರಶ್ನೆಯೇ ಇಲ್ಲ. ಏಜೆಂಟನ ಸ್ವಂತ ಫೋನ್ ಸಂಖ್ಯೆಗೆ ಹಣ ಕಳುಹಿಸಲೇಬಾರದು.

ಸಾಲ ಸಂಸ್ಥೆಯಿಂದ ಕರಾರಿನ ಪ್ರತಿ, ಖಾತೆಯ ಪೂರ್ಣ ವಿವರ ಮತ್ತು ಹಣ ಯಾರ ಖಾತೆಗೆ ಹೋಯಿತೆಂಬ ದಾಖಲೆ ಕೇಳಬೇಕು. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯವಾಗಿದೆ. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹೀಗಾಗಿ ಗಡಿನಾಡಿನ ಕನ್ನಡಿಗ ‘ನನಗೆ ಕನ್ನಡದಲ್ಲಿ ಕೊಡಿ’ ಎಂದು ಕೇಳುವುದು ಉಪಕಾರ ಬೇಡಿದಂತಲ್ಲ.

ಆಸ್ಪತ್ರೆಯಿಂದ ಬಾಬ್ತುವಾರು ಬಿಲ್ಲು, ರಶೀದಿ ಮತ್ತು ವಿಮೆಯ ಲೆಕ್ಕ ಪಡೆಯಬೇಕು. ಚಿಕಿತ್ಸೆಯ ದಾಖಲೆ ಬೇಕಾದರೆ ಬರಹದಲ್ಲಿ ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮ ಹೇಳುತ್ತದೆ. ಆಯುಷ್ಮಾನ್ ಯೋಜನೆಯಡಿ ನಡೆದ ಚಿಕಿತ್ಸೆಗೆ ಹಣ ಕೇಳಿದ್ದರೆ 14555 ಸಹಾಯವಾಣಿಗೆ ದೂರು ಕೊಡಬಹುದು.

ಎರಡನೆಯ ಹೆಜ್ಜೆ: ವರದಿ ತೆಗೆಸುವುದು

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ, ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ, ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. 2017ರಿಂದ ಈ ವ್ಯವಸ್ಥೆ ಇದೆ. ಒಂದರಲ್ಲಿ ಇಲ್ಲದ ತಪ್ಪು ಇನ್ನೊಂದರಲ್ಲಿ ಇರಬಹುದಾದ್ದರಿಂದ ನಾಲ್ಕನ್ನೂ ನೋಡುವುದು ಒಳ್ಳೆಯದು. ಪ್ಯಾನ್ ಸಂಖ್ಯೆ ಮತ್ತು ಮೊಬೈಲ್ ಇದ್ದರೆ ಆಯಾ ಕಂಪನಿಯ ಜಾಲತಾಣದಿಂದಲೇ ಪಡೆಯಬಹುದು. ಸಾಮಾನ್ಯ ಸೇವಾ ಕೇಂದ್ರದಲ್ಲಿ ತೆಗೆಸುವುದಾದರೆ ತಮ್ಮದೇ ಮೊಬೈಲ್ ಸಂಖ್ಯೆ ಕೊಡಬೇಕು, ಕೇಂದ್ರದವರ ಸಂಖ್ಯೆಯನ್ನು ನಮೂದಿಸಬಾರದು.

ವರದಿಯಲ್ಲಿ ಸಂಸ್ಥೆಯ ಹೆಸರು, ಸಾಲದ ಬಗೆ, ತೆರೆದ ದಿನಾಂಕ, ಬಾಕಿ ಮೊತ್ತ, ಎಷ್ಟು ದಿನ ತಡವಾಗಿದೆ ಎಂಬ ಕಾಲಮು, ಕೊನೆಯ ಸ್ಥಿತಿ ಇವನ್ನು ನೋಡಬೇಕು. ವರದಿಯ ಮೇಲಿರುವ ನಿಯಂತ್ರಣ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ತಕರಾರು ಸಲ್ಲಿಸುವಾಗ ಅದು ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಇಬ್ಬರಿಗೂ ತಕರಾರು

ಸಾಲ ಮಾಹಿತಿ ಕಂಪನಿ ತಾನಾಗಿಯೇ ಅಂಕಿಅಂಶ ತಿದ್ದುವುದಿಲ್ಲ. ಮಾಹಿತಿ ಕೊಟ್ಟ ಸಾಲ ಸಂಸ್ಥೆಯನ್ನು ಕೇಳಿ, ಅದು ಒಪ್ಪಿದ ಮೇಲೆ ತಿದ್ದುತ್ತದೆ. ಆದ್ದರಿಂದ ತಕರಾರನ್ನು ಇಬ್ಬರಿಗೂ ಒಂದೇ ದಿನ ಕಳುಹಿಸುವುದು ಜಾಣತನ. ಮಾಹಿತಿ ಕಂಪನಿಯ ಜಾಲತಾಣದಲ್ಲಿ ತಕರಾರು ಸಲ್ಲಿಸಲು ಶುಲ್ಕವಿಲ್ಲ. ಸಾಲ ಸಂಸ್ಥೆಗೆ ಇಮೇಲ್ ಜೊತೆಗೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಬೇಕು.

ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕೋರಿಕೆ ಬಂದ 30 ದಿನಗಳೊಳಗೆ ತಿದ್ದುಪಡಿಯ ಕ್ರಮ ಕೈಗೊಳ್ಳಬೇಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿದ ಆದೇಶ ಇದಕ್ಕೆ ಹಲ್ಲು ಕೊಟ್ಟಿತು. 30 ದಿನ ಮೀರಿದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ದೂರುದಾರನಿಗೆ ಕೊಡಬೇಕು. 2024ರ ಏಪ್ರಿಲ್ 26ರಿಂದ ಇದು ಜಾರಿಯಾಯಿತು. ಸಾಲ ಸಂಸ್ಥೆ 21 ದಿನಗಳೊಳಗೆ ಸರಿಯಾದ ಮಾಹಿತಿ ಕಳುಹಿಸದಿದ್ದರೆ ಪರಿಹಾರ ಅದರ ತಲೆಗೆ, ಅದು ಕಳುಹಿಸಿದ ಮೇಲೂ ಮಾಹಿತಿ ಕಂಪನಿ ತಡಮಾಡಿದರೆ ಆ ಕಂಪನಿಯ ತಲೆಗೆ. ತಕರಾರು 48ನೇ ದಿನ ಇತ್ಯರ್ಥವಾಯಿತೆಂದರೆ 18 ದಿನಕ್ಕೆ 1,800 ರೂಪಾಯಿ. ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಈ ಹಣ ಖಾತೆಗೆ ಬರಬೇಕು. ಕೋರಿಕೆಯನ್ನು ತಿರಸ್ಕರಿಸಿದರೆ ಕಾರಣವನ್ನೂ ತಿಳಿಸಬೇಕು.

ತಕರಾರು ಪತ್ರದ ಮಾದರಿ ಹೀಗಿರಬಹುದು:

‘ನನ್ನ ಹೆಸರಿನಲ್ಲಿ ……… ಸಂಖ್ಯೆಯ ಸಾಲ ಖಾತೆಯಲ್ಲಿ ……… ರೂಪಾಯಿ ಬಾಕಿ ಇದೆಯೆಂದು ……… ದಿನಾಂಕದ ವರದಿಯಲ್ಲಿ ತೋರಿಸಲಾಗಿದೆ. ಈ ಮಾಹಿತಿ ತಪ್ಪು. ಕಾರಣ: ……… . ಇದಕ್ಕೆ ಸಂಬಂಧಿಸಿದ ರಶೀದಿ, ಬಿಡುಗಡೆ ಬಿಲ್ಲು ಮತ್ತು ವಿಮೆಯ ಪತ್ರದ ಪ್ರತಿಗಳನ್ನು ಲಗತ್ತಿಸಿದೆ. ಈ ಬಾಕಿಯನ್ನು ನಾನು ಒಪ್ಪಿಕೊಂಡಿರುವುದಿಲ್ಲ. 2005ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ 30 ದಿನಗಳೊಳಗೆ ಮಾಹಿತಿಯನ್ನು ತಿದ್ದಿ, ತಿದ್ದಿದ ವರದಿಯನ್ನು ಕಳುಹಿಸಬೇಕು. ತಡವಾದಲ್ಲಿ ಪರಿಹಾರವನ್ನು ನನ್ನ ……… ಖಾತೆಗೆ ಜಮಾ ಮಾಡಬೇಕು.’

ಮೂಲ ಕಾಗದಗಳನ್ನು ಎಂದಿಗೂ ಕಳುಹಿಸಬಾರದು. ಪ್ರತಿಗಳು ಸಾಕು.

ನಾಲ್ಕನೆಯ ಹೆಜ್ಜೆ: ಒಂಬುಡ್ಸ್‌ಮನ್

30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬೇಕು. 2021ರ ನವೆಂಬರ್ 12ರಂದು ಬಂದ ಸಮಗ್ರ ಯೋಜನೆ, ಯಾವ ರಾಜ್ಯದ ಶಾಖೆ ಎಂಬ ಹಳೆಯ ಗಡಿಗೆರೆಯನ್ನು ಅಳಿಸಿತು. ಕಾಸರಗೋಡಿನವರಾಗಲಿ ಜತ್ತದವರಾಗಲಿ ದೂರು ಕಳುಹಿಸುವ ಕೇಂದ್ರ ಒಂದೇ: ಚಂಡೀಗಢದ ರಿಸರ್ವ್ ಬ್ಯಾಂಕ್ ಕಚೇರಿ, ಸೆಕ್ಟರ್ 17. ಅಂಚೆಯಲ್ಲಿ ಕಳುಹಿಸಬಹುದು, ರಿಸರ್ವ್ ಬ್ಯಾಂಕಿನ ದೂರು ಜಾಲತಾಣದಲ್ಲೂ ಸಲ್ಲಿಸಬಹುದು. 2022ರ ಸೆಪ್ಟೆಂಬರ್ 1ರಿಂದ ಸಾಲ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡ, ಮಲಯಾಳಂ, ತಮಿಳು, ತೆಲುಗು, ಮರಾಠಿಯಲ್ಲೂ ಮಾಹಿತಿ ಸಿಗುತ್ತದೆ.

ಒಂದು ಎಚ್ಚರಿಕೆ: ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕ ಆಯೋಗದಲ್ಲೋ ಇದ್ದರೆ ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ವರದಿಯ ತಪ್ಪಿಗೆ ಮೊದಲು ಒಂಬುಡ್ಸ್‌ಮನ್, ನಂತರ ಆಯೋಗ ಎಂಬ ಕ್ರಮ ಅನುಕೂಲ.

ಐದನೆಯ ಹೆಜ್ಜೆ: ಸ್ವಂತ ಜಿಲ್ಲೆಯ ಗ್ರಾಹಕ ಆಯೋಗ

ತಪ್ಪು ಆಸ್ಪತ್ರೆಯದಾಗಿದ್ದರೆ, ಅಂದರೆ ಹೆಚ್ಚು ಬಿಲ್ಲು, ಮರಳಿಸದ ಹಣ, ಹೇಳದೆ ಮಾಡಿಸಿದ ಸಾಲ ಮುಂತಾದವು ಇದ್ದರೆ, ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ನೀಡಿದೆ.

ಗಡಿನಾಡಿನವರಿಗೆ ದೊಡ್ಡ ಅನುಕೂಲ ಬಂದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. 2020ರ ಜುಲೈ 20ರಂದು ಜಾರಿಗೆ ಬಂದ ಈ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಆಸ್ಪತ್ರೆ ಮಂಗಳೂರಿನಲ್ಲಿದ್ದರೂ ಮಂಜೇಶ್ವರದವರು ಕಾಸರಗೋಡಿನ ಆಯೋಗಕ್ಕೆ ಹೋಗಬಹುದು. ಅಕ್ಕಲಕೋಟೆಯವರಿಗೆ ಸೊಲ್ಲಾಪುರ, ಜತ್ತದವರಿಗೆ ಸಾಂಗ್ಲಿ, ತಾಳವಾಡಿಯವರಿಗೆ ಈರೋಡ್, ಹೊಸೂರಿನವರಿಗೆ ಕೃಷ್ಣಗಿರಿ ಜಿಲ್ಲೆಯ ಆಯೋಗ. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಪ್ರಾಥಮಿಕ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವಿಗೆ 15100.

ಸರ್ಕಾರಿ ಅಧಿಕಾರಿಗಳಿಗೆ ಕೊಡುವ ಅಹವಾಲಿನ ವಿಷಯದಲ್ಲಿ ಸಂವಿಧಾನದ 350ನೇ ವಿಧಿಯನ್ನೂ ನೆನಪಿಡಬಹುದು. ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು ಅದು ನೀಡುತ್ತದೆ. ಖಾಸಗಿ ಕಂಪನಿಗೆ ಅದು ಅನ್ವಯಿಸದು.

ವಸೂಲಿಗಾರರಿಗೂ ನಿಯಮವಿದೆ

ಬ್ಯಾಂಕು ಹಾಗೂ ಹಣಕಾಸು ಕಂಪನಿಗಳ ಏಜೆಂಟರು ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಸೂಚಿಸಿತು. ಬೆದರಿಕೆ, ನಾಲ್ಕು ಜನರ ಮುಂದೆ ಮಾನ ಕಳೆಯುವುದು, ನೆಂಟರಿಗೆ, ಸ್ನೇಹಿತರಿಗೆ ಕಾಟ ಕೊಡುವುದು ನಿಷಿದ್ಧ. ಏಜೆಂಟನ ತಪ್ಪಿಗೆ ಸಾಲ ಸಂಸ್ಥೆಯೇ ಹೊಣೆ. ಸಾಲಗಾರನ ದೂರು ಇತ್ಯರ್ಥವಾಗುವ ಮೊದಲು ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಕೊಡಬಾರದು ಎಂದು 2008ರಲ್ಲೇ ಬ್ಯಾಂಕುಗಳಿಗೆ ಹೇಳಲಾಗಿದೆ. ಬರಹದಲ್ಲಿ ತಕರಾರು ಕೊಡುವುದರ ಇನ್ನೊಂದು ಲಾಭ ಇದು. ಕರೆಗಳ ದಿನಾಂಕ, ಸಮಯ, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ಸಾಕ್ಷ್ಯ. ಜೀವ ಬೆದರಿಕೆಯಿದ್ದರೆ ಸ್ಥಳೀಯ ಠಾಣೆಗೆ ದೂರು ಕೊಡಬೇಕು.

ಗಮನದಲ್ಲಿಡಬೇಕಾದ ಐದು ಮಾತು

ಚೆಕ್ಕು: ಸಾಲ ತೀರಿಸಲಾಗದ್ದು ಅಪರಾಧವಲ್ಲ, ಅದು ಸಿವಿಲ್ ವಿಷಯ. ಆದರೆ ಆಸ್ಪತ್ರೆಗೋ ಕಂಪನಿಗೋ ಕೊಟ್ಟ ಚೆಕ್ಕು ಅಮಾನ್ಯವಾದರೆ 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಪ್ರಕರಣವಾಗಬಹುದು. ಅದು ಚೆಕ್ಕು ಪಡೆದವರ ಬ್ಯಾಂಕ್ ಶಾಖೆ ಇರುವ ಊರಿನ ಕೋರ್ಟಿನಲ್ಲಿ, ಅಂದರೆ ಗಡಿಯಾಚೆ, ನಡೆಯಬಹುದು. ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕಟ್ಟಲು ಅವಕಾಶವಿರುತ್ತದೆ. ಇಂಥ ನೋಟೀಸನ್ನು ಓದದೆ ಬದಿಗಿಡಬಾರದು. ಭದ್ರತೆಗೆಂದು ಖಾಲಿ ಚೆಕ್ಕು ಕೊಡದಿರುವುದೇ ಕ್ಷೇಮ.

ಮೂರು ವರ್ಷ: ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಅವಧಿ ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅಲ್ಪ ಸ್ವಲ್ಪ ಕಟ್ಟಿ ಅದರ ಬರಹ ಕೊಟ್ಟರೂ ಹಾಗೆಯೇ. ಒಪ್ಪದ ಬಾಕಿಗೆ ‘ಸದ್ಯಕ್ಕೆ 500 ಹಾಕಿ’ ಎಂಬ ಮಾತಿಗೆ ಮರುಳಾಗಬಾರದು.

ರೋಗಿ ತೀರಿಕೊಂಡಿದ್ದರೆ: ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಆದರೆ ಸಾಲಕ್ಕೆ ಜಂಟಿ ಸಹಿ ಅಥವಾ ಜಾಮೀನು ಹಾಕಿದವರು, ದಾಖಲಾತಿ ಅರ್ಜಿಯಲ್ಲಿ ‘ಬಿಲ್ಲಿಗೆ ನಾನು ಹೊಣೆ’ ಎಂದು ಬರೆದುಕೊಟ್ಟವರು ಸ್ವಂತವಾಗಿ ಹೊಣೆಯಾಗುತ್ತಾರೆ. ಆ ಸಹಿ ಹಾಕುವ ಮುನ್ನ ಓದಿಸಿ ಕೇಳಬೇಕು.

ರಾಜಿ: ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಂಡ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ. ಅದು ‘ಕ್ಲೋಸ್ಡ್’ಗೆ ಸಮನಲ್ಲ, ಮುಂದಿನ ಸಾಲಕ್ಕೆ ಅಡ್ಡಿಯಾಗಬಹುದು. ಬಾಕಿ ನಿಜವಾಗಿದ್ದು ಕಟ್ಟುವ ಶಕ್ತಿ ಇದ್ದರೆ ಪೂರ್ತಿ ಕಟ್ಟಿ ಬಾಕಿಯಿಲ್ಲದ ಪ್ರಮಾಣಪತ್ರ ಪಡೆಯುವುದು ಮೇಲು. ಬಾಕಿಯೇ ತಪ್ಪಾಗಿದ್ದರೆ ರಾಜಿಗೆ ಒಪ್ಪದೆ ತಿದ್ದುಪಡಿಯನ್ನೇ ಕೇಳಬೇಕು.

ದಲ್ಲಾಳಿ: ‘ಸಿಬಿಲ್ ಸರಿಮಾಡಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವವರಿಗೆ ಸಾಲಗಾರನಿಗಿಲ್ಲದ ಯಾವ ವಿಶೇಷ ಅಧಿಕಾರವೂ ಇಲ್ಲ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು, ತಪ್ಪು ಬಾಕಿಯನ್ನು ತಿದ್ದಿಸಲು ದುಡ್ಡು ಬೇಕಿಲ್ಲ.

ಕಾಪಾಡಿಕೊಳ್ಳಬೇಕಾದ ಕಾಗದಗಳು

ಬಿಡುಗಡೆ ಸಾರಾಂಶ, ಬಾಬ್ತುವಾರು ಬಿಲ್ಲು, ಎಲ್ಲ ರಶೀದಿಗಳು, ವಿಮೆ ಒಪ್ಪಿಗೆ ಅಥವಾ ನಿರಾಕರಣೆಯ ಪತ್ರ, ಸಾಲದ ಕರಾರು, ಕಂತು ಕಡಿತವಾದ ಬ್ಯಾಂಕ್ ಪಾಸ್‌ಬುಕ್ ಪುಟ, ಬಾಕಿಯಿಲ್ಲದ ಪ್ರಮಾಣಪತ್ರ, ಕಳುಹಿಸಿದ ತಕರಾರಿನ ಪ್ರತಿ, ಅಂಚೆ ರಶೀದಿ. ಸಾಲ ಮಾಹಿತಿ ಕಂಪನಿಗಳು ದಾಖಲೆಯನ್ನು ಕನಿಷ್ಠ ಏಳು ವರ್ಷ ಇಡುತ್ತವೆ. ಹಾಗಾಗಿ ಮನೆಯಲ್ಲೂ ಈ ಕಾಗದಗಳು ಅಷ್ಟು ಕಾಲ ಇರಬೇಕು. ತಿದ್ದುಪಡಿ ಆಯಿತೆಂದು ಸಂದೇಶ ಬಂದ ಮೇಲೆ ಇನ್ನೊಮ್ಮೆ ವರದಿ ತೆಗೆದು ನೋಡಿ, ನಂತರವೇ ಹೊಸ ಸಾಲಕ್ಕೆ ಅರ್ಜಿ ಹಾಕುವುದು ಸೂಕ್ತ.